ಕಿಟಕಿಯಿಂದ ಕಂಡ ಟ್ರಕ್ಕಿನ ದೀಪ

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ಲೇಖನ ಎರಡು ಸಲ ಓದಿದೆ. ಬಡತನದ ಬಗ್ಗೆ ಹತ್ತು ಪುಟ ಬರೆದಿದ್ದೀಯ. ಚೆನ್ನಾಗಿ ಓದಿಕೊಂಡ ಹುಡುಗ ಅಂತ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಆದರೆ ಏಳನೇ ಪುಟದ ಒಂದು ಸಾಲಿನಲ್ಲಿ ನಿಮ್ಮಮ್ಮ ಬಂದು ಹೋಗುತ್ತಾರಲ್ಲ, ಸಂತೆ ಮುಗಿಯುವ ಹೊತ್ತಿಗೆ ಉಳಿದ ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತಾ, ನನಗೆ ಜೀವ ಕಂಡಿದ್ದು ಅಲ್ಲೊಂದೇ ಕಡೆ. ಓದುತ್ತಿದ್ದಾಗ ಕಪ್ಪು ಜನರ ನೋವಿನಿಂದ ದೇವಶಾಸ್ತ್ರ ಬರೆದ ಜೇಮ್ಸ್ ಕೋನ್ ನೆನಪಾದರು.

ಕೋನ್ ಹುಟ್ಟಿದ್ದು 1938ರಲ್ಲಿ, ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ. ಬೆಳೆದಿದ್ದು ಬೇರ್ಡನ್ ಎಂಬ ಪುಟ್ಟ ಊರಿನಲ್ಲಿ, ಕಪ್ಪು ಜನರ ಮೆಥೋಡಿಸ್ಟ್ ಚರ್ಚಿನ ಹಾಡು ಕೇಳುತ್ತಾ. ಅಪ್ಪ ಚಾರ್ಲಿ ಮರ ಕಡಿದು ಸಂಸಾರ ಸಾಕಿದವರು. ಬಿಳಿಯರ ಗುಂಪು ಕಪ್ಪು ಮನುಷ್ಯನನ್ನು ಮರಕ್ಕೆ ನೇತುಹಾಕಿ ಕೊಂದರೂ ಕೇಳುವವರಿಲ್ಲದ ಸೀಮೆ ಅದು. ಅಪ್ಪ ಮನೆಗೆ ಬರುವುದು ತಡವಾದರೆ ಹುಡುಗನಿಗೆ ಜೀವವೇ ನಿಲ್ಲುತ್ತಿರಲಿಲ್ಲ. ಕಿಟಕಿಯಲ್ಲಿ ನಿಂತು ಟ್ರಕ್ಕಿನ ದೀಪ ಕಾಣುತ್ತದಾ ಅಂತ ನೋಡುತ್ತಿದ್ದ. ಅದೇ ಅಪ್ಪ, ಬಿಳಿಯರ ಮಕ್ಕಳಿಗೊಂದು ಶಾಲೆ, ಕಪ್ಪು ಮಕ್ಕಳಿಗೊಂದು ಶಾಲೆ ಯಾಕೆ ಅಂತ ಕೇಸು ಹಾಕಿದರು. ಬೆದರಿಕೆ ಬಂದರೂ ಹೆಸರು ವಾಪಸ್ ತೆಗೆಯಲಿಲ್ಲ.

ಮಗ ಸೆಮಿನರಿ, ಅಂದರೆ ಪಾದ್ರಿಗಳಾಗುವವರು ಓದುವ ಕಾಲೇಜು ಮುಗಿಸಿ, 1965ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ. ಪಡೆದರು. ಬರೆದಿದ್ದು ಸ್ವಿಟ್ಜರ್ಲೆಂಡಿನ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಬಗ್ಗೆ. 1967ರಲ್ಲಿ ಕಪ್ಪು ಜನರ ದಂಗೆಯಲ್ಲಿ ಡೆಟ್ರಾಯಿಟ್ ನಗರ ಹೊತ್ತಿ ಉರಿದಾಗ, ಅದೇ ಮಿಷಿಗನ್ ರಾಜ್ಯದ ಏಡ್ರಿಯನ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ತಾನು ಕಲಿತ ವಿದ್ಯೆ ಆ ಬೀದಿಯ ಜನರಿಗೆ ಏನು ಹೇಳುತ್ತದೆ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯಿತು. ಆ ಬೇಸಿಗೆಯಲ್ಲಿ ಅಣ್ಣ ಸೆಸಿಲ್ ಅವರ ಚರ್ಚಿನಲ್ಲಿ ಕೂತು, ಕೆಲವೇ ವಾರಗಳಲ್ಲಿ ಮೊದಲ ಪುಸ್ತಕ ಬರೆದುಬಿಟ್ಟರು. ತುಳಿತಕ್ಕೊಳಗಾದವರ ಪಕ್ಕ ನಿಲ್ಲದ ಮಾತು ಕ್ರಿಸ್ತನ ಸುವಾರ್ತೆಯೇ ಅಲ್ಲ ಎಂದರು. ಆಮೇಲೆ 2018ರಲ್ಲಿ ತೀರಿಕೊಳ್ಳುವವರೆಗೂ ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಮೇಷ್ಟ್ರು. ದಲಿತ ದೇವಶಾಸ್ತ್ರ ಕಟ್ಟಿದ ನಮ್ಮ ಕಡೆಯವರಿಗೂ ಈ ಕಪ್ಪು ದೇವಶಾಸ್ತ್ರದಿಂದ ಬಲ ಸಿಕ್ಕಿತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ್ ನಿರ್ಮಲ್ ಆ ಮಾತು ಶುರು ಮಾಡಿದ್ದು 1980ರ ದಶಕದ ಆರಂಭದಲ್ಲಿ.

ನಿನಗೆ ಮುಖ್ಯವಾಗಿ ಹೇಳಬೇಕಾದ್ದು ಮುಂದಿನದು. ಇಷ್ಟು ಕಿಡಿಯಿಂದ ಬರೆದರೂ ಕೋನ್ ಅವರ ಅಣ್ಣ ಸೆಸಿಲ್ ಅವರೇ ತಕರಾರು ತೆಗೆದರು. ನಮ್ಮ ಜನರ ಪರವಾಗಿ ಮಾತಾಡುತ್ತೀಯ, ಆಧಾರ ಮಾತ್ರ ಬಿಳಿ ಪಂಡಿತರದ್ದು, ಎಂಬ ಧಾಟಿಯಲ್ಲಿ. ತಕರಾರು ನ್ಯಾಯವಾದದ್ದೇ. ಕೋನ್ 1972ರಲ್ಲಿ, ಗುಲಾಮರಾಗಿದ್ದ ತನ್ನ ಹಿರಿಯರು ಕಟ್ಟಿದ ಹಾಡುಗಳ ಮೇಲೆಯೇ ಒಂದು ಪುಸ್ತಕ ಬರೆದರು. ಹೆಣ್ಣುಮಕ್ಕಳೂ ಕೇಳಿದರು, ನಿಮ್ಮ ಪುಸ್ತಕದಲ್ಲಿ ನಾವೆಲ್ಲಿದ್ದೇವೆ ಅಂತ. ಮೊದಲ ಪುಸ್ತಕ 1989ರಲ್ಲಿ ಮರುಮುದ್ರಣವಾದಾಗ ಕೋನ್ ಹಳೆಯ ಗಂಡುಭಾಷೆಯನ್ನು ಸದ್ದಿಲ್ಲದೆ ತಿದ್ದಲಿಲ್ಲ. ನಾನು ಹೀಗಿದ್ದೆ ಎಂಬುದು ಮರೆಯಬಾರದು ಅಂತ ಹಾಗೇ ಬಿಟ್ಟು, ಮುನ್ನುಡಿಯಲ್ಲಿ ತಪ್ಪು ಒಪ್ಪಿಕೊಂಡರು. ನನ್ನ ಹಳೆಯ ಪುಸ್ತಕಗಳನ್ನು ತೆಗೆಯುವಾಗಲೆಲ್ಲ ಈ ಧೈರ್ಯ ನೆನಪಾಗುತ್ತದೆ.

ಶಿಲುಬೆಯನ್ನೂ ನೇಣಿನ ಮರವನ್ನೂ ಎದುರುಬದುರು ಇಟ್ಟು ನೋಡುವ ಪುಸ್ತಕ ಬಂದಿದ್ದು 2011ರಲ್ಲಿ. ಅಷ್ಟೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು. ಕಿಟಕಿಯಲ್ಲಿ ನಿಂತ ಹುಡುಗನ ಭಯ ಆ ಪುಸ್ತಕದಲ್ಲಿದೆ.

ಓದಿದ್ದನ್ನು ಬಿಸಾಡು ಅಂತ ಹೇಳುತ್ತಿಲ್ಲ. ಬಾರ್ತ್ ಓದಿದ್ದನ್ನು ಕೋನ್ ಕೂಡ ಬಿಸಾಡಲಿಲ್ಲ. ನೀನೂ ಓದು, ಜಾಸ್ತಿ ಓದು. ಆದರೆ ಆ ಮೊದಲ ಆರು ಪುಟ ಪಕ್ಕಕ್ಕಿಡು. ಸಂತೆಯಿಂದ ಶುರು ಮಾಡು. ಉಳಿದ ಸೊಪ್ಪನ್ನು ನಿಮ್ಮಮ್ಮ ಮನೆಗೆ ತರುತ್ತಿದ್ದರಾ, ಸಿಕ್ಕ ಬೆಲೆಗೆ ಕೊಟ್ಟು ಬರುತ್ತಿದ್ದರಾ? ನೀನೆಲ್ಲಿ ಕೂತು ಕಾಯುತ್ತಿದ್ದೆ? ಅಮ್ಮನನ್ನೇ ಕೇಳಿ ಬರೆದು ಕಳಿಸು.

ಇಂತಿ,
ನಿನ್ನ ಅಣ್ಣ