ಪಾಳಿ ಮುಗಿದ ಮೇಲಿನ ಆಟ: ಗೆಳೆಯನಿಗೊಂದು ಪತ್ರ

ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.

ಪ್ರೀತಿಯ ಗೆಳೆಯ,

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಲೆಕ್ಕದ ಪುಸ್ತಕ ಕೊನೆಗೂ ಸಿಕ್ಕಿತು. ಕಾರ್ಯದರ್ಶಿಗಳಾಗಿದ್ದ ಹಿರಿಯರ ಮನೆಯ ಅಟ್ಟದಲ್ಲಿ, ಹಳೆಯ ಟ್ರಂಕಿನ ತಳದಲ್ಲಿ, ಗಾಳಿ ಹೋದ ಬ್ಲಾಡರೊಂದರ ಜೊತೆಗೆ ಅದು ಇತ್ತು. ಕ್ಲಬ್ಬಿನ ಚರಿತ್ರೆಯನ್ನು ಬರೆದಿಡಬೇಕೆಂದು ನಾವಿಬ್ಬರೂ ಎಷ್ಟೋ ಸಲ ಮಾತಾಡಿಕೊಂಡಿದ್ದೆವು. ಇನ್ನು ಮುಂದೂಡಲು ನೆಪವಿಲ್ಲ.

ಮೊದಲ ಪುಟದ ಚಂದಾ ವಸೂಲಿ 1969ರದು. ಆ ಹೊತ್ತಿಗೆ ಮೈಸೂರು ರಾಜ್ಯದ ತಂಡವು 1967–68 ಮತ್ತು 1968–69ರ ಸಾಲಿನಲ್ಲಿ ಸತತವಾಗಿ ಎರಡು ಬಾರಿ ಸಂತೋಷ್ ಟ್ರೋಫಿಯನ್ನು, ಅಂದರೆ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯನ್ನು, ಗೆದ್ದಿತ್ತು, ಮತ್ತು ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನುಗಳ ಹುಡುಗರು ಚಿಂದಿ ಬಟ್ಟೆಯ ಉಂಡೆಯನ್ನಾದರೂ ಒದೆಯದೆ ಮಲಗುತ್ತಿರಲಿಲ್ಲವೆಂದು ಹಿರಿಯರು ಈಗಲೂ ಹೇಳುತ್ತಾರೆ. ಆಟ ಇಲ್ಲಿಗೆ ಬಂದದ್ದು ಅದಕ್ಕೂ ಬಹಳ ಹಿಂದೆ, ಇಲ್ಲಿನ ಚಿನ್ನದ ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕಾಲದಲ್ಲಿ ನೆಲೆಸಿದ ಇಂಗ್ಲಿಷರ ಜೊತೆಗೆ. ಅದು ನಮ್ಮದಾದದ್ದು ಮಾತ್ರ ಭೂಮಿಯೊಳಗಿಂದ ಮೇಲೆದ್ದು ಬಂದವರ ಕಾಲಿಗೆ ಸಿಕ್ಕ ಮೇಲೆ.

ಪುಸ್ತಕವನ್ನು ಓದುತ್ತ ಹೋದಂತೆ, ನಮ್ಮ ಕ್ಲಬ್ಬನ್ನು ಕಟ್ಟಿದ್ದು ಗಣಿಯ ಪಾಳಿ ಎಂಬುದು ನನಗೆ ಸ್ಪಷ್ಟವಾಯಿತು. ಪ್ರತಿ ಪಂದ್ಯದ ಹನ್ನೊಂದು ಹೆಸರುಗಳ ಎದುರಿಗೂ ಪಾಳಿಯ ಗುರುತಿದೆ. ಬೆಳಗಿನ ಪಾಳಿಯವರು ಸಂಜೆ ಮೈದಾನಕ್ಕೆ ಬರುತ್ತಿದ್ದರು, ಮಧ್ಯಾಹ್ನದ ಪಾಳಿಯವರಿಗೆ ಅದು ಸಾಧ್ಯವಿರಲಿಲ್ಲ; ಹೀಗಾಗಿ ಪಾಳಿ ಬದಲಾದಾಗಲೆಲ್ಲ ತಂಡವೂ ಬದಲಾಗುತ್ತಿತ್ತು. ನಿನ್ನ ತಂದೆಯವರ ಹೆಸರಿನ ಮುಂದೆ ಒಂದು ಕಡೆ, ‘ರಾತ್ರಿ ಪಾಳಿ, ನಿದ್ದೆಯಿಲ್ಲ, ಆದರೂ ಗೋಲಿಗೆ ನಿಂತರು’ ಎಂದು ಬರೆದಿದೆ. ಚಾಂಪಿಯನ್ ರೀಫಿನ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತೆಂಬುದನ್ನೂ, ಅಲ್ಲಿನ ಕಾವನ್ನೂ ನೆನೆದು ಆ ಸಾಲನ್ನು ಮತ್ತೆ ಓದಿದಾಗ ನನ್ನ ಕಣ್ಣು ತುಂಬಿತು.

ಇಡೀ ಕ್ಲಬ್ಬಿಗೆ ಇದ್ದದ್ದು ಒಂದೇ ತೊಗಲಿನ ಚೆಂಡು. ಬ್ಲಾಡರಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಅದರ ಕೊಳವೆಯನ್ನು ಮಡಚಿ ದಾರದಿಂದ ಬಿಗಿದು, ಸೀಳಿನೊಳಗೆ ತುರುಕಿ, ಮೇಲೆ ಲೇಸನ್ನು ಹಲ್ಲುಕಚ್ಚಿ ಎಳೆದು ಕಟ್ಟುತ್ತಿದ್ದುದನ್ನು ನೀನು ಮರೆತಿರಲಾರೆ. ಲೇಸಿನ ಗಂಟು ಉಬ್ಬಿ ನಿಂತಿದ್ದರೆ, ಚೆಂಡಿಗೆ ತಲೆ ಕೊಟ್ಟವನ ಹಣೆಯ ಮೇಲೆ ಅದರ ಅಚ್ಚು ಮೂಡುತ್ತಿತ್ತು. ಮಳೆಯಲ್ಲಿ ನೆನೆದರಂತೂ ಚೆಂಡು ಗುಂಡುಕಲ್ಲೇ. ಪುಸ್ತಕದ ಖರ್ಚಿನಲ್ಲಿ ದೊಡ್ಡ ಪಾಲು ಚೆಂಡು ಹೊಲಿಸಿದ ಕೂಲಿ ಮತ್ತು ಪಂಚರಿನದು. ಬೇಸಿಗೆಯಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಯಾದ ಸೈನೈಡ್ ದಿಬ್ಬದ ಪುಡಿ ಗಾಳಿಗೆದ್ದು ಎದುರಿನ ಗೋಲು ಕಾಣದಂತಾದರೂ ಯಾರೂ ಆಟ ನಿಲ್ಲಿಸುತ್ತಿರಲಿಲ್ಲ. ತಮಿಳಿನಲ್ಲಿ ಕೂಗಿದ ಪಾಸಿಗೆ ತೆಲುಗಿನಲ್ಲಿ ಉತ್ತರ ಬರುತ್ತಿತ್ತು, ರೆಫರಿಯೊಡನೆ ಜಗಳ ಮಾತ್ರ ಕನ್ನಡದಲ್ಲಿ ನಡೆಯುತ್ತಿತ್ತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲಿನ ಪುಟಗಳು ಕೆಲವೇ. ಹುಡುಗರಿಗೆ ಆಟ ಬೇಡವಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವನು ಮನೆ ಸೇರುವಾಗ ರಾತ್ರಿಯಾಗಿರುತ್ತದೆ. ಊರಿಗೆ ಸಂಜೆಯೇ ಇಲ್ಲದಂತಾದಾಗ ಸಂಜೆಯ ಆಟ ಎಲ್ಲಿ ಉಳಿದೀತು?

2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಮತ್ತೆ ಗೆದ್ದಾಗ, ಉಳಿದಿರುವ ನಾಲ್ವರು ಹಳೆಯ ಆಟಗಾರರು ಒಂದೇ ಮೊಬೈಲಿನ ಸುತ್ತ ಕುಳಿತಿದ್ದರು. ಅವರಲ್ಲೊಬ್ಬರು ನಿನ್ನ ತಂದೆಯವರನ್ನು ಹೆಸರು ಹಿಡಿದು ನೆನೆದರು.

ಪುಸ್ತಕದೊಳಗೆ ತಂಡದ ಒಂದು ಫೋಟೋ ಇತ್ತು. ಅದರ ಪ್ರತಿಯನ್ನು ಈ ಪತ್ರದೊಡನೆ ಕಳಿಸುತ್ತಿದ್ದೇನೆ. ಹತ್ತು ಮಂದಿಯ ಗುರುತು ಸಿಕ್ಕಿದೆ. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವರು, ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ನಿಂತವರು, ಯಾರೆಂದು ನಿನ್ನ ತಾಯಿಯವರನ್ನು ಕೇಳಿ ತಿಳಿಸು. ಅವರ ಪಾಳಿ ಯಾವುದಿತ್ತೆಂಬುದು ನೆನಪಿದ್ದರೆ ಅದನ್ನೂ ಬರೆ.

ನಿನ್ನ ಗೆಳೆಯ