ಮೊದಲ ದಿನವೇ ವಾಪಸ್ ಬಂದವನಿಗೆ

ಚಿ. ಪ್ರಜ್ವಲನಿಗೆ ನಿನ್ನ ಮಾವನ ಆಶೀರ್ವಾದಗಳು.

ಎಸ್‌ಎಸ್‌ಬಿಯಲ್ಲಿ (ಸೇನಾಧಿಕಾರಿಗಳ ಆಯ್ಕೆ ಮಂಡಳಿ) ಮೊದಲ ದಿನದ ಸ್ಕ್ರೀನಿಂಗ್ ದಾಟಲಿಲ್ಲವೆಂದು ನಿಮ್ಮಮ್ಮ ಹೇಳಿದಳು. ಡಿಗ್ರಿ ಸೇರದೆ ಒಂದು ವರ್ಷ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಯ ಕೋಚಿಂಗ್‌ಗೆ ಹೋಗುತ್ತೀಯಂತೆ. ದುಡ್ಡು ಕಟ್ಟುವ ಮುಂಚೆ ಎಲ್ಲಿ ಎಡವಿದೆ ಅಂತ ನೋಡಿಕೋ. ಗಣಿತದ 300 ಅಂಕ, ಸಾಮಾನ್ಯ ಸಾಮರ್ಥ್ಯ ಪರೀಕ್ಷೆ ಜಿಎಟಿಯ 600 ಅಂಕ, ಈ ಲಿಖಿತ ಪರೀಕ್ಷೆ ಗೆದ್ದೇ ನೀನು ಅಲ್ಲಿಗೆ ಹೋದದ್ದು. ಕೋಚಿಂಗ್‌ನಲ್ಲಿ ವರ್ಷವೆಲ್ಲ ಅರೆಯುವುದು ಹೆಚ್ಚಾಗಿ ಅದನ್ನೇ. ನಿನ್ನನ್ನು ತಡೆದದ್ದು ಸ್ಕ್ರೀನಿಂಗ್‌ನ ಎರಡು ಭಾಗ: ಬುದ್ಧಿಮತ್ತೆಯ ಪ್ರಶ್ನೆಗಳ ಓಐಆರ್, ಚಿತ್ರ ನೋಡಿ ಕಥೆ ಬರೆಯುವ ಪಿಪಿಡಿಟಿ.

ಓಐಆರ್‌ಗೆ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದರೆ ಸಾಕು. ಪಿಪಿಡಿಟಿ ಹಾಗಲ್ಲ. ಚಿತ್ರ ಕಾಣುವುದು 30 ಸೆಕೆಂಡ್, ಬರೆಯಲು 4 ನಿಮಿಷ, ಆಮೇಲೆ ಕಥೆ ಹೇಳಿ ಗುಂಪುಚರ್ಚೆ. ಬಾಯಿಪಾಠದ ಕಥೆಯನ್ನು ಎಲ್ಲ ಚಿತ್ರಕ್ಕೂ ಅಂಟಿಸುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಚರ್ಚೆಯಲ್ಲಿ ಕಿರುಚಿದವರೂ ಅಷ್ಟೇ, ಬಾಯಿ ಬಿಡದೆ ಕೂತವರೂ ಅಷ್ಟೇ. ಪೇಪರಿನ ಒಂದು ಫೋಟೊ ಹಿಡಿ, ಅಡಿಬರಹ ಮುಚ್ಚು, ಅದೇ ಸಮಯದಲ್ಲಿ ಬರೆ, ಎದ್ದು ನಿಂತು ಒಂದು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳು. ದಿನಾ ಒಂದು. ಇದಕ್ಕೆ ಫೀಸಿಲ್ಲ.

ನನ್ನ ಮಾತು ಕೇಳುವುದಾದರೆ ಡಿಗ್ರಿ ಸೇರು. ಎನ್‌ಸಿಸಿ ಸೀನಿಯರ್ ಡಿವಿಷನ್ ಇರುವ ಕಾಲೇಜೇ ಆಗಲಿ. ಅಡ್ಮಿಷನ್‌ಗೆ ಮುಂಚೆಯೇ ಅಲ್ಲಿನ ಎನ್‌ಸಿಸಿ ಅಧಿಕಾರಿಯನ್ನು ಕಂಡು ಆಯ್ಕೆ ಯಾವಾಗ ಅಂತ ಕೇಳು. ಮೊದಲ ವರ್ಷ ತಪ್ಪಿದರೆ ‘ಸಿ’ ಸರ್ಟಿಫಿಕೇಟ್ ಕೈತಪ್ಪುವ ಸಂಭವ ಹೆಚ್ಚು. ಅದರಲ್ಲಿ ‘ಬಿ’ ಗ್ರೇಡ್, ಡಿಗ್ರಿಯಲ್ಲಿ ಶೇ. 50 ಇದ್ದರೆ ಸೇನೆಯ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು, ಲಿಖಿತ ಪರೀಕ್ಷೆಯೇ ಇಲ್ಲ. ಡಿಗ್ರಿ ಆದವರು ಸೇನಾಧಿಕಾರಿಯಾಗಲು ಬರೆಯುವ ಸಿಡಿಎಸ್ ಪರೀಕ್ಷೆ ಬೇರೆ ಇದೆ. ಇನ್ನೊಂದು, ಎಸ್‌ಎಸ್‌ಬಿಯಲ್ಲಿ ಸ್ವಂತ ವಿವರ ತುಂಬುವ ಪಿಐಕ್ಯೂ ಫಾರಂನಲ್ಲಿ ಹಿಂದಿನ ಪ್ರಯತ್ನಗಳನ್ನು ಬರೆಯಲೇಬೇಕು, ಮುಚ್ಚಿಡಬೇಡ. ‘ಅಲ್ಲಿಂದೀಚೆಗೆ ಏನು ಮಾಡಿದೆ?’ ಅಂತ ಇಂಟರ್‌ವ್ಯೂನಲ್ಲಿ ಕೇಳಿದರೆ ಬರೀ ಕೋಚಿಂಗ್ ಅನ್ನುವುದು ಬಡ ಉತ್ತರ.

ಡಿಗ್ರಿ ಓದುತ್ತಲೇ ಎನ್‌ಡಿಎ ಬರೆ. ಆದರೆ ವಯಸ್ಸನ್ನು ಪರೀಕ್ಷೆಯ ದಿನಕ್ಕೆ ಲೆಕ್ಕ ಹಾಕಬೇಡ, ಕೋರ್ಸ್ ಶುರುವಾಗುವ ತಿಂಗಳಿಗೆ ಹಾಕು: ಏಪ್ರಿಲ್ ಪರೀಕ್ಷೆಯದು ಮುಂದಿನ ಜನವರಿಗೆ, ಸೆಪ್ಟೆಂಬರಿನದು ಮುಂದಿನ ಜುಲೈಗೆ. ಆಗ ಹತ್ತೊಂಬತ್ತೂವರೆ ದಾಟಿರಬಾರದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹುಟ್ಟಿದ ತಾರೀಖೇ ಲೆಕ್ಕಕ್ಕೆ.

ಈ ನಡುವೆ, ಮುಂದಿನ ಮೆಡಿಕಲ್ ಪರೀಕ್ಷೆಗಾಗಿ, ಕಣ್ಣು, ಕಿವಿ, ಮೂಗು, ಹಲ್ಲು ಡಾಕ್ಟರಿಗೆ ತೋರಿಸಿಕೋ. ಟ್ಯಾಟೂ ಹಾಕಿಸುವ ಯೋಚನೆ ಇದ್ದರೆ ಬಿಡು.

ಕಾಲೇಜುಗಳ ಪಟ್ಟಿ ಮಾಡಿ ಕಳಿಸು, ಅರ್ಜಿಯ ಕಡೇ ದಿನಾಂಕಗಳನ್ನೂ ಬರೆ.

ಇತಿ ನಿನ್ನ ಮಾವ