ಬೆಂಗೇರಿಯಿಂದ ಎರಡು ಬಾವುಟ ಕಳಿಸು

ಜುಲೈ 6, 2025
ಬಾಸ್ಟನ್

ಅವ್ವಾ,

ನಿನಗೂ ಅಪ್ಪನಿಗೂ ನಮಸ್ಕಾರ. ನಾವೆಲ್ಲ ಆರಾಮಾಗಿದ್ದೇವೆ. ದಿನಾ ಫೋನಿನಲ್ಲಿ ಮಾತಾಡುತ್ತೇವೆ ನಿಜ, ಆದರೆ ಮಕ್ಕಳ ಗದ್ದಲದಲ್ಲಿ ಯಾವ ಮಾತೂ ಪೂರ್ತಿ ಆಗುವುದಿಲ್ಲ. ಶುಕ್ರವಾರದ ಸಂಗತಿ ನಿನಗೆ ಪೂರ್ತಿ ಹೇಳಬೇಕು ಅನಿಸಿತು. ಅದಕ್ಕೇ ಬರೆಯಲು ಕೂತೆ.

ಹೋದ ವಾರ ನೀನು ಕೇಳಿದ್ದೆ, "ಅವರ ಸ್ವಾತಂತ್ರ್ಯ ದಿನಕ್ಕ ನಿಮಗ್ಯಾಕ ಇಷ್ಟು ಸಡಗರ?" ಅಂತ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಹಾಗೇ ಅನಿಸುತ್ತಿತ್ತು. ಜುಲೈ 4 ಅಂದರೆ ಒಂದು ರಜೆ, ಅಷ್ಟೇ. ಮಕ್ಕಳಾದ ಮೇಲೆ ಹಾಗೆ ಸುಮ್ನೆ ಇರಲು ಆಗುವುದಿಲ್ಲ. ಅವರು ಹುಟ್ಟಿದ ನೆಲ ಇದು.

ಈ ಸಲ ಅಣ್ಣ, ವೈನಿ ನಮ್ಮನ್ನು ಬ್ರಿಸ್ಟಲ್‌ಗೆ ಕರೆದರು. ರೋಡ್ ಐಲೆಂಡ್ ರಾಜ್ಯದಲ್ಲಿ ಸಮುದ್ರದ ದಂಡೆಯ ಸಣ್ಣ ಊರು, ವೈನಿಯ ತವರು. 1785ರಿಂದ ಆ ಊರಲ್ಲಿ ಈ ಹಬ್ಬ ನಡೆಯುತ್ತ ಬಂದಿದೆ, ಇಡೀ ದೇಶದಲ್ಲಿ ಅದೇ ಎಲ್ಲಕ್ಕಿಂತ ಹಳೆಯದಂತೆ. ಮೆರವಣಿಗೆ ಹೋಗುವ ರಸ್ತೆಯ ನಟ್ಟನಡುವೆ ಕೆಂಪು, ಬಿಳಿ, ನೀಲಿ ಪಟ್ಟೆ ಬಳಿದಿದ್ದಾರೆ. ವರ್ಷವಿಡೀ ಹಾಗೇ ಇರುತ್ತದೆ. ಪುಟ್ಟಿ ಆ ಪಟ್ಟೆಯ ಮೇಲೆ ಒಂದು ಹೆಜ್ಜೆಯ ಮುಂದೆ ಇನ್ನೊಂದು ಇಟ್ಟು ನಡೆದಳು, ನಮ್ಮ ಓಣಿಯಲ್ಲಿ ನಾನು ರಂಗೋಲಿ ತುಳಿಯದ ಹಾಗೆ ನಡೆಯುತ್ತಿದ್ದೆನಲ್ಲ, ಹಾಗೆ.

ಬೆಳಗಾಗುವಷ್ಟರಲ್ಲಿ ಜನ ರಸ್ತೆಬದಿಗೆ ಕುರ್ಚಿ ಇಟ್ಟು ಜಾಗ ಹಿಡಿದಿದ್ದರು. ನಾವು ಒಟ್ಟು ಹದಿನಾಲ್ಕು ಮಂದಿ. ವೈನಿಯ ತಂದೆ-ತಾಯಿ, ಅವರ ತಮ್ಮಂದಿರು, ಅವರ ಮಕ್ಕಳು ಎಲ್ಲ ಸೇರಿ. ಕೊಳಲು, ಡೋಲು ಬಾರಿಸುವ ತಂಡಗಳು, ಹಳೇ ಕಾಲದ ಸೈನಿಕರ ವೇಷದವರು, ಬೆಂಕಿ ಆರಿಸುವ ಗಾಡಿಗಳು ಒಂದರ ಹಿಂದೆ ಒಂದು ಬಂದವು. ಸೈರನ್ ಕೂಗಿದ್ದೇ ತಡ, ಪಾಪು ನನ್ನ ಸೆರಗೊಳಗೆ ಮುಖ ಮುಚ್ಚಿಕೊಂಡ. ಹೌದವ್ವಾ, ಸೀರೆ ಉಟ್ಟಿದ್ದೆ, ನೀನು ಕೊಟ್ಟ ಇಳಕಲ್ ಸೀರೆ. ವೈನಿಯ ತಾಯಿ ಅದರ ಸೆರಗು ಹಿಡಿದು ತುಂಬಾ ಹೊತ್ತು ನೋಡಿದರು.

ಪುಟ್ಟಿ ಕೇಳಿದಳು, "ಇವರನ್ನೂ ಇಂಗ್ಲಿಷರೇ ಆಳುತ್ತಿದ್ದರಾ?" ಅಂತ. ವೈನಿಯ ತಂದೆಯೇ ಉತ್ತರ ಕೊಟ್ಟರು. ಮಕ್ಕಳು ಅವರನ್ನೂ ಅಜ್ಜ ಅಂತಲೇ ಕರೆಯುತ್ತಾರೆ. 1775ರಲ್ಲಿ ಇಂಗ್ಲಿಷ್ ಹಡಗುಗಳು ಇದೇ ಊರಿನ ಮೇಲೆ ಗುಂಡು ಹಾರಿಸಿದ್ದವು, ಮರುವರ್ಷ ಜುಲೈ 4ಕ್ಕೆ ಫಿಲಡೆಲ್ಫಿಯಾದಲ್ಲಿ 'ಇನ್ನು ನಾವು ಸ್ವತಂತ್ರರು' ಅಂತ ಸಾರಿದರು ಎಂದು ಬಿಡಿಸಿ ಹೇಳಿದರು. ಮುಂದಿನ ವರ್ಷಕ್ಕೆ 250 ವರ್ಷ ತುಂಬುತ್ತದೆ. ಆಮೇಲೆ ನಾನು ಚೆನ್ನಮ್ಮನ ಕಥೆ ಹೇಳಿದೆ. 1824ರಲ್ಲಿ ಕಿತ್ತೂರಿನವರು ಇಂಗ್ಲಿಷರ ಥ್ಯಾಕರೆಯನ್ನು ಕೊಂದು ಗೆದ್ದದ್ದು, ಹುಬ್ಬಳ್ಳಿಯ ಸರ್ಕಲ್‌ನಲ್ಲಿ ಕುದುರೆ ಮೇಲೆ ಕೂತಿರುವ ಚೆನ್ನಮ್ಮ ಅವಳೇ ಅಂತ. "ನಾವು ಬಸ್ಸಿನಿಂದ ನೋಡಿದ್ವಲ್ಲ, ಅವಳಾ?" ಅಂದಳು. ನೆನಪಿಟ್ಟಿದ್ದಾಳೆ ಅವ್ವಾ! ಹೋದ ಸಲ ಬಂದಾಗ ಅವಳಿಗೆ ಬರೀ ಐದು ವರ್ಷ.

ಊಟ ಅವರ ಮನೆ ಹಿತ್ತಲಲ್ಲಿ. ಇಲ್ಲಿ ಈ ದಿನ ಎಲ್ಲರೂ ಹೊರಗೇ ಕೆಂಡದ ಮೇಲೆ ಸುಟ್ಟು ತಿನ್ನುವುದು. ನಾವು ಮಾಂಸ ತಿನ್ನುವುದಿಲ್ಲ ಅಂತ ಅಜ್ಜ ಹಿಂದಿನ ದಿನವೇ ಜಾಲರಿ ತಿಕ್ಕಿ ತೊಳೆದು, ಒಂದು ಬದಿಗೆ ಹೊಸ ಅಲ್ಯೂಮಿನಿಯಂ ಹಾಳೆ ಹಾಸಿ, ನಮ್ಮ ಮೆಕ್ಕೆಜೋಳ, ದೊಣ್ಣಮೆಣಸಿನಕಾಯಿಗೆ ಬೇರೆ ಚಿಮಟವನ್ನೇ ಇಟ್ಟಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ಅದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ.

ನಾನು ಗಿರ್ಮಿಟ್ ಮಾಡಿಕೊಂಡು ಹೋಗಿದ್ದೆ. ಇಲ್ಲಿನ ಚುರಮುರಿ ನಮ್ಮದರಷ್ಟು ಗರಿಗರಿ ಇಲ್ಲ, ಆದರೂ ಪುಟಾಣಿ ಹಿಟ್ಟು, ಹುಳಿ-ಬೆಲ್ಲದ ಒಗ್ಗರಣೆ, ಮೇಲೆ ಹಸಿ ಉಳ್ಳಾಗಡ್ಡಿ ಬಿದ್ದಾಗ ವಾಸನೆ ಅದೇ. ಮೆಣಸಿನಕಾಯಿ ಬಜ್ಜಿ ಅಲ್ಲೇ ಬಿಸಿಬಿಸಿ ಕರಿದೆ. ಪಾತ್ರೆ ಬರಿದಾಯಿತು.

ಕತ್ತಲಾಗುವ ಹೊತ್ತಿಗೆ ಅಜ್ಜ ಮನೆ ಮುಂದಿನ ಬಾವುಟ ಇಳಿಸಲು ಎದ್ದರು. ಅವರು ಹರೆಯದಲ್ಲಿ ನೌಕಾಪಡೆಯಲ್ಲಿದ್ದವರು. ಪುಟ್ಟಿಯನ್ನು ಕರೆದು ಒಂದು ತುದಿ ಹಿಡಿಸಿದರು. ನೆಲಕ್ಕೆ ತಾಗಬಾರದು ಅಂದರು. ಉದ್ದಕ್ಕೆ ಎರಡು ಮಡಿಕೆ. ಆಮೇಲೆ ಪಟ್ಟೆಯ ತುದಿಯಿಂದ ಮೂಲೆ ಮೂಲೆ ಮಡಚುತ್ತ ಬಂದರು. ಕಡೆಗೆ ಕೆಂಪು ಪಟ್ಟೆ ಎಲ್ಲ ಒಳಗೆ ಹೋಗಿ, ನೀಲಿ ಬಟ್ಟೆ, ಬಿಳಿ ಚುಕ್ಕಿ ಮಾತ್ರ ಕಾಣುವ ಮುಕ್ಕೋನ ಆಯಿತು, ನಮ್ಮ ಸಮೋಸದ ಆಕಾರ. ಅವಳು ಉಸಿರು ಬಿಗಿಹಿಡಿದು ಎರಡೂ ಕೈಯಲ್ಲಿ ಇಸಿದುಕೊಂಡಳು.

"ನಿಮ್ಮ ಬಾವುಟ ಹೇಗೆ ಮಡಚುತ್ತೀರಿ?" ಅಂತ ಅಜ್ಜ ನನ್ನನ್ನು ಕೇಳಿದರು. ಪುಟ್ಟಿ ಓಡಿಹೋಗಿ ಒಂದು ದೊಡ್ಡ ಹಾಳೆಗೆ ಕೇಸರಿ, ಹಸಿರು ಬಳಿದು ತಂದಳು. ನಡುವೆ ಚಕ್ರ. ಕಡ್ಡಿ ಎಣಿಸಿದರೆ 21, ಇನ್ನು ಮೂರಕ್ಕೆ ಜಾಗ ಸಾಲಲಿಲ್ಲ. ಕೇಸರಿ, ಹಸಿರು ಎರಡನ್ನೂ ಬಿಳಿಯ ಹಿಂದಕ್ಕೆ ಮಡಚಿ, ಆಮೇಲೆ ಎರಡೂ ಬದಿಯಿಂದ ಮಡಚುತ್ತ ಬಂದು, ಚಕ್ರ ಮೇಲೆ ಕಾಣುವ ಹಾಗೆ ಅಂಗೈ ಮೇಲೆ ಇಟ್ಟು ತೋರಿಸಿದೆ. ನನಗೆ ಕಲಿಸಿದ್ದು ಕಾಕು. ನಮ್ಮ ಹುಬ್ಬಳ್ಳಿ ಬೆಂಗೇರಿಯ ಖಾದಿ ಕೇಂದ್ರದಲ್ಲಿ ಕಾಕು ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದ ಕಾಲದ ನೆನಪೆಲ್ಲ ಒಟ್ಟಿಗೇ ಬಂತು. ಒಂದು ಹೊಲಿಗೆ ವಾರೆಯಾದರೂ ಪೂರ್ತಿ ಬಿಚ್ಚಿ ಮತ್ತೆ ಹಾಕುತ್ತಿದ್ದಳಲ್ಲ. ಗರಗ, ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಬೆಂಗೇರಿಗೆ ಬಂದು ಬಾವುಟವಾಗಿ ದೇಶಕ್ಕೆಲ್ಲ ಹೋಗುತ್ತದೆ, ನಮ್ಮ ಮನೆಯ ಹೆಂಗಸೊಬ್ಬಳು ಅದನ್ನು ಹೊಲಿಯುತ್ತಿದ್ದಳು ಅಂದೆ. ಅಜ್ಜ ಎದ್ದು ನಿಂತು ನನ್ನ ಕೈ ಕುಲುಕಿದರು. ಅದು ಕಾಕುಗೆ ಸಲ್ಲಬೇಕು, ಅವಳಿಗೆ ತಪ್ಪದೆ ಹೇಳು.

ಆಗಸ್ಟ್ 15ಕ್ಕೆ ನೀನು ನನ್ನ ಬಿಳಿ ಅಂಗಿಗೆ ನೀಲಿ ಹಾಕಿ ಒಣಗಿಸುತ್ತಿದ್ದದ್ದು, ಕ್ಯಾನ್ವಾಸ್ ಬೂಟಿಗೆ ಸೀಮೆಸುಣ್ಣ ತಿಕ್ಕುತ್ತಿದ್ದದ್ದು, ಬೆಳಗಿನ ಪ್ರಭಾತಫೇರಿಗೆ ಅಪ್ಪ ಸೈಕಲ್ ಮೇಲೆ ಬಿಟ್ಟುಬರುತ್ತಿದ್ದದ್ದು, ಎಲ್ಲ ಅವತ್ತು ರಾತ್ರಿ ಪುಟ್ಟಿಗೆ ಹೇಳಿದೆ. ಹೊರಗೆ ಹುಡುಗರು ಸುರಸುರಬತ್ತಿ ಹಚ್ಚುತ್ತಿದ್ದರು. ನಾವಿರುವ ರಾಜ್ಯದಲ್ಲಿ ಮನೆಯಲ್ಲಿ ಅದನ್ನೂ ಹಚ್ಚುವಂತಿಲ್ಲ, ರೋಡ್ ಐಲೆಂಡ್‌ನಲ್ಲಿ ಬಿಡುತ್ತಾರೆ. ಪಾಪುವಿನ ಕೈ ಹಿಡಿದು ನಾನೇ ಹಚ್ಚಿಸಿದೆ, ಪಕ್ಕದಲ್ಲಿ ಬಕೆಟ್ ತುಂಬ ನೀರಿಟ್ಟುಕೊಂಡು. ಸೈರನ್ನಿಗೆ ಹೆದರಿದ ಹುಡುಗ ಇದಕ್ಕೆ ಕೇಕೆ ಹಾಕಿ ನಕ್ಕ. "ಇವತ್ತು ದೀಪಾವಳಿನಾ?" ಅಂತ ಕೇಳಿದ.

ಮಕ್ಕಳು ನಮ್ಮದನ್ನು ಮರೆತುಬಿಡುತ್ತಾರೇನೋ ಅಂತ ನಿನಗೆ ಭಯ ಇದೆ, ಗೊತ್ತು. ನನಗೂ ಇತ್ತು. ಆದರೆ ಅವತ್ತು ಆ ಮುಕ್ಕೋನದ ಬಾವುಟ ಹಿಡಿದ ಕೈಯಿಂದಲೇ ಪುಟ್ಟಿ ನಮ್ಮ ಚಕ್ರ ಬರೆದಳು. ಅಲ್ಲಿಂದೀಚೆ ನನ್ನ ಭಯ ಬಹಳ ಕಡಿಮೆಯಾಗಿದೆ.

ಒಂದು ಕೆಲಸ ಮಾಡು. ಪಕ್ಕದ ಮನೆಯವರ ಮಗ ಆಗಸ್ಟ್ ಮೊದಲ ವಾರ ಇಲ್ಲಿಗೆ ಹೊರಡುತ್ತಾನೆ ಅಂತ ನೀನು ಅಂದಿದ್ದೆ. ಕಾಕುವನ್ನು ಕರೆದುಕೊಂಡು ಬೆಂಗೇರಿಗೆ ಹೋಗಿ ಮೇಜಿನ ಮೇಲಿಡುವ ಬಾವುಟ, 6 ಇಂಚು 4 ಇಂಚಿನದು, ಎರಡು ತಗೊಂಡು ಅವನ ಕೈಲಿ ಕಳಿಸು. ಒಂದು ಪುಟ್ಟಿಗೆ. ಇನ್ನೊಂದನ್ನು ಬ್ರಿಸ್ಟಲ್ ಅಜ್ಜನಿಗೆ ಕೊಡುತ್ತೇನೆ ಅಂತ ಅವಳು ಆಗಲೇ ಮಾತು ಕೊಟ್ಟಾಗಿದೆ. ಜೊತೆಗೆ ಜಾಗ ಇದ್ದರೆ ಒಂದು ಡಬ್ಬಿ ಪೇಡೆ.

ಅಪ್ಪನಿಗೆ ಬಿಪಿ ಗುಳಿಗೆ ತಪ್ಪಿಸಬೇಡಿ ಅಂತ ಹೇಳು.

ನಿನ್ನ ಮಗಳು